ಕೊರಳಿನ ಗಂಟು ಕಲಿಸಿದ ಪಾಠ



ಅಲ್ಲಾಹನ ದೃಷ್ಟಾಂತಗಳನ್ನು ಹುಡುಕುವಾಗ ನಮ್ಮ ಕಣ್ಣು ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಸೂರ್ಯ, ಚಂದ್ರ, ಮೋಡ, ಮಳೆಗಳನ್ನು ನೋಡಿ ಸುಬ್‌ಹಾನಲ್ಲಾಹ್ ಎನ್ನುತ್ತೇವೆ. ಅದು ಸರಿಯೇ. ಆದರೆ ದಿವ್ಯ ಕುರ್‌ಆನಿನ ಅಝ್ಝಾರಿಯಾತ್ ಅಧ್ಯಾಯದಲ್ಲಿ (51: 20-21) ಅಲ್ಲಾಹನು ಭೂಮಿಯ ನಿದರ್ಶನಗಳ ಕಡೆಗೆ ಕೈತೋರಿದ ಬೆನ್ನಿಗೇ ನಮ್ಮ ಸ್ವಂತ ಶರೀರದ ಕಡೆಗೂ ನೋಡಲು ಕರೆಯುತ್ತಾನೆ. ಆ ಕರೆಗೆ ನಾವೆಷ್ಟು ಕಿವಿಗೊಟ್ಟಿದ್ದೇವೆ? ಐದು ಹೊತ್ತಿನ ವುಝೂವಿನಲ್ಲಿ ನಿತ್ಯ ತೊಳೆಯುವ ಈ ಕೈಕಾಲುಗಳ ಒಳಗೆ ಏನು ನಡೆಯುತ್ತಿದೆಯೆಂದು ಒಮ್ಮೆಯಾದರೂ ಕೇಳಿಕೊಂಡಿದ್ದೇವೆಯೇ?

ನಾನು ಕೇಳಿಕೊಂಡಿರಲಿಲ್ಲ. ಮದರಸದಲ್ಲಿ ಹದೀಸ್ ಮತ್ತು ಫಿಕ್‌ಹ್ ಓದಿದೆ. ಬಳಿಕ ಕಾಲೇಜಿನಲ್ಲಿ ಕನ್ನಡ ಓದಿ ಪದವಿ ಪಡೆದೆ. ಆದರೆ ಕೊರಳಿನ ಒಂದು ಗಂಟಿನ ಮುಂದೆ ನಾನು ಅಜ್ಞಾನಿಯಾಗಿ ನಿಂತೆ. ಅದರ ಬೆಲೆಯನ್ನು ಇನ್ನೊಬ್ಬರ ಮಗಳು ತೆತ್ತಳು. ಆ ವಿಷಯವನ್ನು ತಮ್ಮ ಮುಂದಿಡಲೆಂದೇ ಈ ಬರಹ. ಅದಕ್ಕೆ ಮೊದಲು ಆ ಗಂಟು ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ.

ಮಂಡ್ಯ ಜಿಲ್ಲೆಯವರಾದ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ನಾವು ನಾಲೆಯ ನೀರಿನಿಂದ ಬದುಕುವ ಜನ. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿ, ಹುಲಿಕೆರೆಯ ಬಳಿ ನೆಲದೊಳಗೆ ಸುರಂಗ ಕೊರೆದು ನಾಲೆ ಹರಿಸಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿ ಹಸಿರಾಯಿತು. ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾಗಿದ್ದ (1926-1941) ಆ ಕಾಲದಲ್ಲಿ ಅದನ್ನು ಇರ್ವಿನ್ ನಾಲೆಯೆನ್ನುತ್ತಿದ್ದರು. ಇಂದು ಅದು ವಿಶ್ವೇಶ್ವರಯ್ಯ ನಾಲೆ. ಆದರೆ ಗದ್ದೆಗೆ ನೀರು ತರುವ ನಾಲೆಯೊಂದಿದ್ದರೆ ಸಾಲದು, ಹೆಚ್ಚಾದ ನೀರನ್ನು ಹೊರಗೊಯ್ಯುವ ಬಸಿಗಾಲುವೆಯೂ ಬೇಕೆಂಬುದು ನಮ್ಮ ರೈತರಿಗೆ ಗೊತ್ತು. ಬಸಿಗಾಲುವೆ ಕಟ್ಟಿಕೊಂಡರೆ ಎಂಥ ಒಳ್ಳೆಯ ಗದ್ದೆಯೂ ಜೌಗು ಹಿಡಿಯುತ್ತದೆ, ಬೆಳೆಯ ಬೇರು ಕೊಳೆಯುತ್ತದೆ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ.

ಶರೀರವನ್ನೂ ಸೃಷ್ಟಿಕರ್ತನು ಹೀಗೆಯೇ ಏರ್ಪಡಿಸಿದ್ದಾನೆ. ಹೃದಯವು ರಕ್ತವನ್ನು ಒತ್ತಿ ಕಳುಹಿಸುವಾಗ ಕೂದಲಿಗಿಂತ ಸಪೂರವಾದ ನಾಳಗಳಿಂದ ನೀರಿನಂಥ ದ್ರವವೊಂದು ಹೊರಗೆ ಒಸರಿ ಮಾಂಸಖಂಡಗಳ ನಡುವೆ ಹರಡುತ್ತದೆ. ಅಂಗಾಂಶಗಳಿಗೆ ಆಹಾರ ತಲುಪುವುದು ಅದರ ಮೂಲಕವೇ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ. ಆದರೆ ದಿನಕ್ಕೆ ಸುಮಾರು 3 ಲೀಟರಿನಷ್ಟು ಹೊರಗೇ ಉಳಿಯುತ್ತದೆ. ಅದನ್ನು ಹೀರಿಕೊಂಡು ಮರಳಿ ತರಲು ಇಡೀ ದೇಹದಲ್ಲಿ ಬೇರೆಯೇ ಕಾಲುವೆಗಳ ಜಾಲವಿದೆ. ಆ ದ್ರವಕ್ಕೆ ದುಗ್ಧರಸವೆಂದೂ ಕಾಲುವೆಗಳಿಗೆ ದುಗ್ಧನಾಳಗಳೆಂದೂ ಹೆಸರು. ಕಾಲಿನ ಹೆಬ್ಬೆರಳಿನಿಂದ ಹೊರಟ ದುಗ್ಧರಸವು ಮೇಲೇರಿ, ಎದೆಯೊಳಗಿನ ದೊಡ್ಡ ನಾಳವನ್ನು ಸೇರಿ, ಎಡಗಡೆಯ ಕೊರಳೆಲುಬಿನ ಹಿಂದೆ ಮತ್ತೆ ರಕ್ತದೊಡನೆ ಬೆರೆಯುತ್ತದೆ.

ರಕ್ತಕ್ಕೆ ಹೃದಯವಿದೆ. ದುಗ್ಧರಸಕ್ಕೆ ಅಂಥ ಯಂತ್ರವಿಲ್ಲ. ನಾಳಗಳ ಗೋಡೆ ಮೆಲ್ಲನೆ ಕುಗ್ಗುತ್ತದೆ. ನಾವು ನಡೆದಾಗ, ಬಾಗಿದಾಗ, ಉಸಿರೆಳೆದಾಗ ಸ್ನಾಯುಗಳು ಅದನ್ನು ಹಿಂಡುತ್ತವೆ. ಕೆಳಗಿಳಿಯದಂತೆ ತಡೆಯಲು ಒಳಗೆ ಪುಟ್ಟ ಪುಟ್ಟ ಬಾಗಿಲುಗಳಿವೆ. ದಿನವಿಡೀ ಕುಳಿತೇ ಇರುವವರ ಕಾಲು ಸಂಜೆ ಊದಿಕೊಳ್ಳಲು ಈ ಹರಿವು ನಿಧಾನವಾಗುವುದೂ ಒಂದು ಕಾರಣ.

ಈ ಕಾಲುವೆಗಳ ದಾರಿಯುದ್ದಕ್ಕೂ ಚೌಕಿಗಳಿವೆ. ಅವರೆಕಾಳಿನಾಕಾರದ ಈ ಚೌಕಿಗಳೇ ದುಗ್ಧಗ್ರಂಥಿಗಳು. ಒಬ್ಬ ಮನುಷ್ಯನಲ್ಲಿ ಸುಮಾರು 600 ಇರುತ್ತವೆ. ಕೊರಳು, ಕಂಕುಳು, ತೊಡೆಸಂದು, ಎದೆ, ಹೊಟ್ಟೆಗಳಲ್ಲಿ ಅವು ಗುಂಪು ಗುಂಪಾಗಿವೆ. ಗಂಟಲಿನ ಟಾನ್ಸಿಲ್, ಹೊಟ್ಟೆಯ ಎಡಭಾಗದ ಗುಲ್ಮ, ಎದೆಯ ಥೈಮಸ್, ಎಲುಬಿನೊಳಗಿನ ಮಜ್ಜೆ ಎಲ್ಲವೂ ಇದೇ ಕಾವಲಿಗೆ ಸೇರಿದವು.

ಗದ್ದೆಯಲ್ಲಿ ಕೆಲಸ ಮಾಡುವವನ ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿತೆನ್ನಿ. ಗಾಯದೊಳಕ್ಕೆ ರೋಗಾಣುಗಳು ಹೊಕ್ಕವು. ಅಲ್ಲಿಯೇ ಇರುವ ಕಾವಲು ಕಣಗಳು ಆ ವೈರಿಯ ಒಂದು ತುಣುಕನ್ನು ಕಿತ್ತುಕೊಂಡು ದುಗ್ಧನಾಳದ ಮೂಲಕ ತೊಡೆಸಂದಿನ ಗ್ರಂಥಿಗೆ ಓಡುತ್ತವೆ. ಅಲ್ಲಿ ಅಸಂಖ್ಯ ಬಿಳಿ ರಕ್ತಕಣಗಳು ಕಾದಿರುತ್ತವೆ. ಒಂದೊಂದು ಕಣವೂ ಒಂದೊಂದು ಬಗೆಯ ಗುರುತನ್ನು ಮಾತ್ರ ಹಿಡಿಯಬಲ್ಲದು. ತಂದ ತುಣುಕಿಗೆ ಸರಿಹೊಂದುವ ಕಣ ಸಿಕ್ಕಿದೊಡನೆ ಅದು ಎರಡಾಗಿ, ನಾಲ್ಕಾಗಿ, ಸಾವಿರಗಳಾಗಿ ಬೆಳೆಯುತ್ತದೆ. ಕೆಲವು ಕಣಗಳು ಪ್ರತಿಕಾಯಗಳೆಂಬ ಆಯುಧಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ, ಕೆಲವು ತಾವೇ ಹೋರಾಡಲು ಹೊರಡುತ್ತವೆ. ಕಾಲಿಗೆ ಗಾಯವಾದಾಗ ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ ನೋಯುವುದನ್ನು ನಮ್ಮ ಹಿರಿಯರು ಕಂಡಿದ್ದರು. ಆ ಗಡ್ಡೆಯೇ ಯುದ್ಧಕ್ಕೆ ಸೈನ್ಯ ಕೂಡಿದ ಗುರುತು.

ಯುದ್ಧ ಮುಗಿದ ಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ. ಆದರೆ ಕೆಲವು ಆ ವೈರಿಯ ಗುರುತನ್ನು ನೆನಪಿಟ್ಟುಕೊಂಡು ವರ್ಷಾನುಗಟ್ಟಲೆ ಉಳಿಯುತ್ತವೆ. ಲಸಿಕೆಯ ಕೆಲಸವೂ ಇದೇ. ರೋಗ ಬರುವ ಮೊದಲೇ ಗ್ರಂಥಿಗಳಿಗೆ ವೈರಿಯ ಗುರುತು ತೋರಿಸಿಕೊಡುವುದು. ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಹರಡುವ ಜಪಾನೀಸ್ ಮೆದುಳು ಜ್ವರ ಕಾಣಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಮಂಡ್ಯವೂ ಒಂದು. ಆದುದರಿಂದ 9 ತಿಂಗಳಿಗೊಮ್ಮೆ, ಮತ್ತೆ 16 ರಿಂದ 24 ತಿಂಗಳೊಳಗೊಮ್ಮೆ ಮಗುವಿಗೆ ಆ ಲಸಿಕೆ ಕೊಡುವಾಗ 'ಮಗುವಿಗೆ ಜ್ವರ ಬರುತ್ತದೆ' ಎಂದು ಹೇಳಿ ಆಶಾ ಕಾರ್ಯಕರ್ತೆಯನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಬೇಡಿ. ಸಣ್ಣ ಜ್ವರವು ಗ್ರಂಥಿಗಳು ಪಾಠ ಕಲಿಯುತ್ತಿರುವ ಲಕ್ಷಣ.

ಇಲ್ಲೊಂದು ಎಚ್ಚರಿಕೆಯ ಮಾತು. ಕುರ್‌ಆನಿನಲ್ಲಿ ದುಗ್ಧಗ್ರಂಥಿಯ ವಿಷಯವಿದೆಯೆಂದು ನಾನು ಹೇಳುತ್ತಿಲ್ಲ. ಕುರ್‌ಆನ್ ಮಾರ್ಗದರ್ಶನದ ಗ್ರಂಥ. ನೋಡು, ಯೋಚಿಸು ಎಂದು ಅದು ಆಜ್ಞಾಪಿಸುತ್ತದೆ. ನೋಡುವ ಶ್ರಮ ನಮ್ಮದು. ಆದರೆ ಈ ಏರ್ಪಾಡನ್ನು ತಿಳಿದ ಮೇಲೆ, ನುಅಮಾನ್ ಬಿನ್ ಬಶೀರ್(ರ)ರಿಂದ ವರದಿಯಾಗಿ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿರುವ ಪ್ರಸಿದ್ಧ ಹದೀಸ್ ನನಗೆ ಬೇರೆಯೇ ಬೆಳಕಿನಲ್ಲಿ ಕಂಡಿತು. ಪರಸ್ಪರ ಪ್ರೀತಿ ಮತ್ತು ಕರುಣೆಯಲ್ಲಿ ಸತ್ಯವಿಶ್ವಾಸಿಗಳನ್ನು ಪ್ರವಾದಿವರ್ಯರು(ಸ) ಒಂದೇ ಶರೀರಕ್ಕೆ ಹೋಲಿಸಿದ್ದಾರೆ. ಒಂದು ಅಂಗ ನೊಂದರೆ ಉಳಿದ ಶರೀರವೆಲ್ಲ ಜ್ವರದಿಂದಲೂ ನಿದ್ದೆಗೇಡಿನಿಂದಲೂ ಅದಕ್ಕೆ ಓಗೊಡುತ್ತದೆಯೆಂದು ತಿಳಿಸಿದ್ದಾರೆ. ಅಂಗಾಲಿನ ಗಾಯಕ್ಕೆ ತೊಡೆಸಂದು ಊದಿಕೊಳ್ಳುತ್ತದೆ, ಮೈಯೆಲ್ಲ ಕಾಯುತ್ತದೆ. 'ಅದು ಕಾಲಿನ ಸಮಾಚಾರ, ನನಗೇನು?' ಎಂದು ಯಾವ ಗ್ರಂಥಿಯೂ ಸುಮ್ಮನಿರುವುದಿಲ್ಲ.

ಇನ್ನು ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಮಳವಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಒಂದು ಸಂಜೆ ಪರಿಚಯದ ತಾಯಿಯೊಬ್ಬರು ಮನೆಗೆ ಬಂದರು. ಅವರ ಯಜಮಾನರು ಲಗೇಜ್ ಆಟೋದಲ್ಲಿ ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಸಾಗಿಸುವವರು. ಕೈಯಲ್ಲಿ ನೀರಿನ ಬಾಟಲಿಯಿತ್ತು.

"ಹಜರತ್, ದಮ್ ಮಾಡಿ ಕೊಡಿ. ದೊಡ್ಡ ಹುಡುಗಿಗೆ ಕೊರಳಲ್ಲಿ ಏನೋ ಗಂಟು. ನೋವಿಲ್ಲ. ಮಂಗನಿ ಆಗಿದೆ, ಯಾರಿಗೂ ಹೇಳಬೇಡಿ" ಎಂದರು.

ನಾನು ಓದಿ ಊದಿ ಕೊಟ್ಟೆ. ಅವರು ವಾರ ವಾರವೂ ಬಂದರು. ನಾನು ವಾರ ವಾರವೂ ಕೊಟ್ಟೆ. ಗಂಟು ಒಂದಿದ್ದುದು ಮೂರಾಯಿತೆಂದರು. ಹುಡುಗಿಗೆ ಸಂಜೆ ಹೊತ್ತು ಮೈ ಬೆಚ್ಚಗಾಗುತ್ತದೆ, ಊಟ ಸೇರುವುದಿಲ್ಲವೆಂದರು. "ಅಲ್ಲಾಹನು ಗುಣಪಡಿಸುವನು, ಸಬರ್ ಮಾಡಿ" ಎಂದೆ. ಡಾಕ್ಟರಿಗೆ ತೋರಿಸಿದಿರಾ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ನನ್ನ ದುಆದ ಮೇಲೆ ನನಗೇ ನಂಬಿಕೆಯಿಲ್ಲವೆಂದು ಅವರು ಭಾವಿಸಿಯಾರೆಂಬ ಅಳುಕು ನನಗಿತ್ತು. ಸತ್ಯ ಹೇಳಬೇಕೆಂದರೆ, 'ಹಜರತ್' ಎಂದು ಕರೆಸಿಕೊಳ್ಳುವ ಸಂತೋಷವೂ ಇತ್ತು. ಅದೇ ದಿನಗಳಲ್ಲಿ ಮದ್ದೂರಿನ ಒಂದು ಜುಮಾದಲ್ಲಿ 'ಒಂದೇ ಶರೀರ'ದ ಹದೀಸಿನ ಮೇಲೆ ಅರ್ಧ ಗಂಟೆ ಮಾತನಾಡಿ ಜನರ ಮೆಚ್ಚುಗೆ ಪಡೆದು ಬಂದೆ. ಹೀಗೆ ಒಂಬತ್ತು ವಾರ ಕಳೆಯಿತು.

ಒಂದು ದಿನ ಆ ಬೀದಿಯ ಆಶಾ ಕಾರ್ಯಕರ್ತೆ ನನ್ನನ್ನು ಹುಡುಕಿಕೊಂಡು ಬಂದರು. ಬಾಗಿಲ ಹೊರಗೇ ನಿಂತು ಹೇಳಿದರು: "ಸಾಬ್ರೇ, ನೀವು ನೀರು ಮಂತ್ರಿಸಿ ಕೊಡಿ, ನಾನು ಬೇಡ ಅನ್ನಲ್ಲ. ಆದ್ರೆ ಆ ಹುಡುಗೀನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ಅಂತ ಒಂದು ಮಾತು ಹೇಳಿ. ನಾನು ಹೇಳಿದ್ರೆ ಬಾಗಿಲು ಹಾಕ್ಕೋತಾರೆ. ನೀವು ಹೇಳಿದ್ರೆ ಕೇಳ್ತಾರೆ."

ನನ್ನ ತಲೆ ತಗ್ಗಿತು. ಆಕೆ ನಮ್ಮ ಧರ್ಮದವರಲ್ಲ. ಹದೀಸ್ ಓದಿದವರಲ್ಲ. ಆದರೆ ನೊಂದ ಅಂಗಕ್ಕಾಗಿ ನಿದ್ದೆಗೆಟ್ಟವರು ಆಕೆ. ಓದಿದ್ದ ನಾನು ನಿದ್ದೆ ಮಾಡುತ್ತಿದ್ದೆ.

ಮರುದಿನ ಹುಡುಗಿಯ ತಂದೆಯ ಜೊತೆ ನಾನೂ ಮಂಡ್ಯದ ಸರ್ಕಾರಿ ಆಸ್ಪತ್ರೆಗೆ ಹೋದೆ. ತೆಳುವಾದ ಸೂಜಿಯಿಂದ ಗಂಟಿನ ರಸ ತೆಗೆದು ಪರೀಕ್ಷಿಸಿದರು. ಗ್ರಂಥಿಯ ಕ್ಷಯರೋಗವೆಂದು ತಿಳಿಯಿತು. ಹಳಬರು ಇದನ್ನೇ ಗಂಡಮಾಲೆ, ಕಂಠಮಾಲೆ ಎನ್ನುತ್ತಿದ್ದುದು. ಕ್ಷಯದ ರೋಗಾಣುವನ್ನು ಕಂಡುಹಿಡಿದ ವಿಷಯವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಪ್ರಕಟಿಸಿದರು. ಕ್ಷಯವೆಂದರೆ ಕೆಮ್ಮು, ರಕ್ತ ಎಂದಷ್ಟೇ ನಾವು ತಿಳಿದಿದ್ದೇವೆ. ಶ್ವಾಸಕೋಶದ ಹೊರಗೆ ಅದು ಹೆಚ್ಚಾಗಿ ಮನೆಮಾಡುವ ಸ್ಥಳಗಳಲ್ಲಿ ದುಗ್ಧಗ್ರಂಥಿಯೂ ಒಂದು. ಈ ರೋಗಾಣು ಬಲು ಕಪಟಿ. ತನ್ನನ್ನು ನುಂಗಿದ ಕಾವಲು ಕಣದೊಳಗೇ ಅದು ಜೀರ್ಣವಾಗದೆ ಬದುಕಿ, ಚೌಕಿಯನ್ನೇ ತನ್ನ ಮನೆ ಮಾಡಿಕೊಳ್ಳುತ್ತದೆ. ಆಗ ಶರೀರಕ್ಕೆ ಹೊರಗಿನ ಸಹಾಯ ಬೇಕು. ಆ ಸಹಾಯವೇ ಔಷಧಿ.

ನಾವು ಹೋದಾಗ ತಡವಾಗಿತ್ತು. ಕೆಲವೇ ದಿನಗಳಲ್ಲಿ ಒಂದು ಗಂಟು ಒಡೆದು ಕೀವು ಸೋರತೊಡಗಿತು. ಆರು ತಿಂಗಳ ಔಷಧಿಯಿಂದ ಹುಡುಗಿ ಪೂರ್ಣ ಗುಣವಾದಳು, ಅಲ್‌ಹಮ್ದುಲಿಲ್ಲಾಹ್. ಆದರೆ ಕೊರಳಿನ ಕಲೆ ಉಳಿಯಿತು. ಮಂಗನಿಯೂ ಮುರಿಯಿತು. ಹುಡುಗನ ಅಜ್ಜಿ ನನ್ನೆದುರೇ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕಾಯಿಲೆ ಯಾರಿಗೆ ಬರುವುದಿಲ್ಲ ಬೇಟಾ? ಹೇಳಿದ್ದರೆ ಆರು ತಿಂಗಳು ಕಾಯುತ್ತಿದ್ದೆವು. ಮುಚ್ಚಿಟ್ಟಿರಿ. ಇನ್ನು ಏನನ್ನು ನಂಬುವುದು?" ಎರಡು ವರ್ಷಗಳ ಬಳಿಕ ಮದ್ದೂರಿನ ಒಂದು ಮನೆಯಿಂದ ಸಂಬಂಧ ಬಂತು. ಈ ಬಾರಿ ತಂದೆಯೇ ಮೊದಲ ದಿನ ಆಸ್ಪತ್ರೆಯ ಚೀಟಿ ತೋರಿಸಿದರು. ನಿಕಾಹ್ ನೆರವೇರಿತು.

ಸಹೋದರರೇ, ದುಆ ಬೇಡವೆಂದು ನಾನು ಹೇಳುತ್ತಿಲ್ಲ. ರೋಗ ಬಂದಾಗ ಗುಣಪಡಿಸುವವನು ಅಲ್ಲಾಹನೇ ಎಂಬುದು ಇಬ್ರಾಹೀಮ್(ಅ)ರ ವಿಶ್ವಾಸವಾಗಿತ್ತು (26: 80). ನಮ್ಮದೂ ಅದೇ. ಆದರೆ ಚಿಕಿತ್ಸೆ ಮಾಡಿಸಬೇಕೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿವರ್ಯರು(ಸ) ಮಾಡಿಸಿರೆಂದೇ ಉತ್ತರಿಸಿದರು. ಅಲ್ಲಾಹನು ಔಷಧಿಯಿಲ್ಲದ ರೋಗವನ್ನು ಇಳಿಸಿಲ್ಲ, ವೃದ್ಧಾಪ್ಯವೊಂದರ ಹೊರತು ಎಂದು ವಿವರಿಸಿದರು. ಇದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಬೇಕೇ ಎಂದವನಿಗೆ ಮೊದಲು ಕಟ್ಟಲು ಹೇಳಿದರೆಂಬುದನ್ನೂ ತಿರ್ಮಿದಿಯಲ್ಲಿ ಓದುತ್ತೇವೆ. ನಾನು ಒಂಬತ್ತು ವಾರ ಮಾಡಿದ್ದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟದೆ ಬಿಟ್ಟದ್ದು. ಅದೂ ನನ್ನ ಒಂಟೆಯನ್ನಲ್ಲ, ಇನ್ನೊಬ್ಬರದನ್ನು.

ಹಾಗಾದರೆ ಏನು ಮಾಡಬೇಕು? ಕೆಲವು ವಿಷಯಗಳನ್ನು ಮನೆಮಂದಿಯೆಲ್ಲ ತಿಳಿದಿರಲಿ.

ಶೀತ, ಗಂಟಲು ನೋವು, ಹಲ್ಲಿನ ಹುಳುಕು, ತಲೆಯ ಹೇನಿನ ಗಾಯಗಳಿಂದ ಮಕ್ಕಳ ಕೊರಳಿನಲ್ಲಿ ಸಣ್ಣ ಮೆತ್ತನೆಯ ಗಂಟುಗಳು ಬರುವುದು ಸಾಮಾನ್ಯ. ಅವು ತಾವಾಗಿ ಇಳಿಯುತ್ತವೆ. ಹೆದರಬೇಕಿಲ್ಲ. ಆದರೆ ಎರಡು ವಾರ ದಾಟಿದರೂ ಇಳಿಯದ ಗಂಟು, ಬೆಳೆಯುತ್ತಿರುವ ಗಂಟು, ಕಲ್ಲಿನಂತೆ ಗಟ್ಟಿಯಾದ ಗಂಟು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಎರಡು ವಾರದ ಕೆಮ್ಮು, ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿ ಹೋಗಬೇಕು. ನೋವಿಲ್ಲವೆಂದು ಸಮಾಧಾನಪಡಬೇಡಿ. ಗ್ರಂಥಿಯ ಕ್ಷಯವೂ ಕೆಲವು ಕ್ಯಾನ್ಸರ್‌ಗಳೂ ಮೊದಲಿಗೆ ನೋಯುವುದಿಲ್ಲ. ಸಹೋದರಿಯರು ಕಂಕುಳಿನ ಅಥವಾ ಎದೆಯ ಗಂಟನ್ನು ಲಜ್ಜೆಯಿಂದ ಮುಚ್ಚಿಡಬಾರದು. ಹಯಾ ಈಮಾನಿನ ಭಾಗವೆಂಬುದು ನಿಜ. ಆದರೆ ಚಿಕಿತ್ಸೆಯ ಅಗತ್ಯವಿರುವಾಗ ವೈದ್ಯರಿಗೆ ತೋರಿಸಲು ಶರೀಅತ್ ಅನುಮತಿ ನೀಡಿದೆ.

ಕ್ಷಯವೆಂದು ಗೊತ್ತಾದರೆ ಔಷಧಿ ಸರ್ಕಾರದಿಂದ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್‌ನಿಂದ ಅದು 1000 ರೂಪಾಯಿಯಾಗಿದೆ. ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡು ತಿಂಗಳಲ್ಲೇ ಹಸಿವು ಮರಳಿ ಮೈ ತುಂಬಿಕೊಳ್ಳುತ್ತದೆ. ಆಗ ಮಾತ್ರೆ ನಿಲ್ಲಿಸುವವರಿದ್ದಾರೆ. ನಿಲ್ಲಿಸಿದರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದವುಗಳಾಗಿ ಏಳಬಹುದು. ಚಿಕಿತ್ಸೆಯ ನಡುವೆ ಗಂಟು ಒಮ್ಮೊಮ್ಮೆ ಹಿಗ್ಗುವುದುಂಟು. ವೈದ್ಯರಿಗೆ ತೋರಿಸಿ, ಆದರೆ ಧೈರ್ಯಗೆಡಬೇಡಿ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡು ರಕ್ತವೆಂದು ಹೆದರಿದವರಿದ್ದಾರೆ. ಅದು ಔಷಧಿಯ ಬಣ್ಣ, ರಕ್ತವಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ರಮಝಾನ್ ಬಂದರೆ? ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ವಿನಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ (2: 185). ಆ ಹುಡುಗಿ ಉಪವಾಸ ಬಿಡಲು ಒಪ್ಪದೆ ಅತ್ತಿದ್ದಳು. ಅಲ್ಲಾಹನ ರಿಯಾಯಿತಿಯನ್ನು ಸ್ವೀಕರಿಸುವುದೂ ಇಬಾದತ್ ಎಂದು ನನ್ನ ಮನೆಯವರು ಅವಳಿಗೆ ತಿಳಿಹೇಳಿದರು. ವೈದ್ಯರನ್ನು ಕೇಳಿ ನಡೆಯಿರಿ, ನಿಮ್ಮ ಇಷ್ಟದಂತೆ ಮಾತ್ರೆ ಬಿಡಬೇಡಿ.

ಕ್ಷಯ ಕೊರಳಿನ ಗ್ರಂಥಿಯಲ್ಲಿ ಮಾತ್ರವಿದ್ದು ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಅದು ಜೊತೆಗೆ ಕುಳಿತು ಉಂಡವರಿಗೆ ಅಂಟುವುದಿಲ್ಲ. ಹುಡುಗಿಯ ತಟ್ಟೆ ಲೋಟ ಬೇರೆ ಮಾಡಿದ ಮನೆಗಳಿವೆ. ಅವಳ ಶರೀರದ ಗಂಟು ಔಷಧಿಯಿಂದ ಕರಗುತ್ತದೆ. ಆ ತಟ್ಟೆಯ ನೆನಪು ಯಾವ ಔಷಧಿಯಿಂದ ಕರಗೀತು?

ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆ ಜೌಗಾಗುತ್ತದೆಂದು ಮೇಲೆ ಹೇಳಿದೆ. ಶರೀರದಲ್ಲಿ ಅದಕ್ಕೆ ಉದಾಹರಣೆ ಆನೆಕಾಲು ರೋಗ. ಸೊಳ್ಳೆಯಿಂದ ಬರುವ ನೂಲಿನಂಥ ಹುಳುಗಳು ದುಗ್ಧನಾಳದೊಳಗೆ ವರ್ಷಗಟ್ಟಲೆ ವಾಸಿಸಿ ಅದನ್ನು ಕೆಡಿಸುತ್ತವೆ. ಕಾಲು ಕಂಬದಂತೆ ಊದುತ್ತದೆ. ನಮ್ಮ ಮಂಡ್ಯದ ಕಡೆಗಿಂತ ಕಲಬುರಗಿ, ಬೀದರ್, ಯಾದಗಿರಿ ಮುಂತಾದ ಜಿಲ್ಲೆಗಳ ಜನ ಇದರಿಂದ ಬಹಳ ನೊಂದಿದ್ದಾರೆ. ಅಲ್ಲಿ ಊರಿಗೆ ಊರೇ ಮಾತ್ರೆ ನುಂಗುವ ಕಾರ್ಯಕ್ರಮಗಳು ನಡೆದಿವೆ. ಊದಿದ ಕಾಲಿಗೆ ವೈದ್ಯರು ಹೇಳುವ ಆರೈಕೆ ಬಹಳ ಸರಳ. ದಿನವೂ ಸಾಬೂನು ನೀರಿನಿಂದ ತೊಳೆಯುವುದು, ಬೆರಳ ಸಂದುಗಳನ್ನು ಶುಚಿಗೊಳಿಸಿ ಒಣಗಿಸುವುದು, ಗಾಯವಾಗದಂತೆ ನೋಡಿಕೊಳ್ಳುವುದು. ಇಷ್ಟರಿಂದಲೇ ಮತ್ತೆ ಮತ್ತೆ ಬರುವ ಜ್ವರ, ಉರಿಗಳು ಕಡಿಮೆಯಾಗುತ್ತವೆ. ವುಝೂವಿನಲ್ಲಿ ಬೆರಳುಗಳ ಸಂದನ್ನು ತೊಳೆಯಲು ಪ್ರವಾದಿವರ್ಯರು(ಸ) ಕಲಿಸಿದ್ದನ್ನು, ಒಣಗಿಯೇ ಉಳಿದ ಹಿಮ್ಮಡಿಯ ಬಗ್ಗೆ ಎಚ್ಚರಿಸಿದ್ದನ್ನು ಇಲ್ಲಿ ನೆನೆಯಿರಿ. ವುಝೂ ಇಬಾದತ್‌ಗಾಗಿ, ರೋಗಕ್ಕೆ ಮದ್ದಾಗಿ ಅಲ್ಲ. ಆದರೂ ಆಜ್ಞೆಯನ್ನು ಪಾಲಿಸಿದವನ ಕಾಲಿಗೂ ಅದರಿಂದ ಒಳಿತಿದೆ.

ಸಮಾಜಕ್ಕೂ ಬಸಿಗಾಲುವೆ ಬೇಕು. ನೋವನ್ನು ಹೇಳಿಕೊಳ್ಳಲು ಒಂದು ದಾರಿ, ಕೇಳಿ ಬಾಯಿ ಬಿಗಿಹಿಡಿದು ಸಹಾಯಕ್ಕೆ ಹೊರಡುವ ನಾಲ್ಕು ಜನ. ಆ ತಾಯಿ ಮಗಳ ಗಂಟನ್ನು ಬಚ್ಚಿಟ್ಟದ್ದು ರೋಗದ ಭಯದಿಂದಲ್ಲ, ನಮ್ಮ ನಾಲಗೆಗಳ ಭಯದಿಂದ. ಮಸೀದಿಯ ಮೆಟ್ಟಿಲಿನಲ್ಲಿ, ಮದುವೆ ಮನೆಯಲ್ಲಿ, ನಲ್ಲಿಯ ಬಳಿ ಆಡುವ ಮಾತುಗಳ ಭಯದಿಂದ. ಹಾಗಿರುವಾಗ ಅವಳ ಕೊರಳಿನ ಕಲೆಯಲ್ಲಿ ನನ್ನ ಪಾಲಿನಂತೆ ಮೊಹಲ್ಲಾದ ಪಾಲೂ ಇಲ್ಲವೇ?

ಈಗ ನನ್ನ ಬಳಿ ಯಾರಾದರೂ ನೀರಿನ ಬಾಟಲಿ ತಂದರೆ ಮೊದಲು ಕೇಳುತ್ತೇನೆ, "ಎಷ್ಟು ದಿನವಾಯಿತು? ಡಾಕ್ಟರಿಗೆ ತೋರಿಸಿದಿರಾ?" ಬಳಿಕ ದುಆ ಮಾಡುತ್ತೇನೆ. ನನ್ನಂತೆ ಪಾಠ ಹೇಳುವ, ಇಮಾಮರಾಗಿರುವ ಸಹೋದರರಲ್ಲಿ ಇದೇ ನನ್ನ ವಿನಂತಿ. ಜನರು ನಮ್ಮ ಮಾತು ಕೇಳುತ್ತಾರೆ. ನಾಳೆ ಅಲ್ಲಾಹನ ಮುಂದೆ ಆ ಮಾತಿನ ಲೆಕ್ಕ ಕೊಡಬೇಕಾಗಿದೆ, ಆಡಬೇಕಾಗಿದ್ದು ಆಡದೆ ಉಳಿದ ಮಾತಿನ ಲೆಕ್ಕವನ್ನೂ.

ಅಲ್ಲಾಹನು ನಮ್ಮ ರೋಗಿಗಳಿಗೆ ಪೂರ್ಣ ಆರೋಗ್ಯವನ್ನೂ, ನಮಗೆ ಸಕಾಲದಲ್ಲಿ ಸತ್ಯ ನುಡಿಯುವ ಧೈರ್ಯವನ್ನೂ, ಒಬ್ಬರ ನೋವಿಗೆ ಇನ್ನೊಬ್ಬರು ಎಚ್ಚರಗೊಳ್ಳುವ ಹೃದಯವನ್ನೂ ದಯಪಾಲಿಸಲಿ. ನನ್ನ ಆ ಒಂಬತ್ತು ವಾರಗಳನ್ನು ಅವನು ಕ್ಷಮಿಸಲಿ. ಆಮೀನ್.